ಮಿಡಿಯುವ ಕುರು

ನರಗುಂದ
12 ಮಾರ್ಚ್ 2009

ಗೆಳೆಯ ಜಂಗ್ಲಿಸಾಬ,

ಏಳನೆಯ ಹಾಸಿಗೆಯವನು ಎಂಟನೆಯ ಹಾಸಿಗೆಯವನಿಗೆ ಬರೆಯುತ್ತಿರುವ ಮೊದಲ ಪತ್ರ ಇದು. ಬೆಂಗಳೂರಿನ ಆಸ್ಪತ್ರೆಯ ಆ ಥಂಡಿ ವಾರ್ಡಿನಿಂದ ಬಂದು ಹದಿನೈದು ದಿನವಾಯಿತು. ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತಿದ್ದವನು ನಿನ್ನೆ ಹತ್ತಿ ಮಾರುಕಟ್ಟೆಯ ತನಕ ನಡೆದು, ಅಲ್ಲೊಬ್ಬ ದಲಾಲಿಯ ಜೊತೆ ಜಗಳಾಡಿ, ಮತ್ತೆ ನಡೆದೇ ಮನೆಗೆ ಬಂದೆ. ಜಗಳಕ್ಕೆ ಸಾಲುವಷ್ಟು ಉಸಿರಿದೆ. ಇನ್ನೇನು ಬೇಕು?

ಆದರೂ ನನ್ನ ಸಿಟ್ಟು ಇಳಿದಿಲ್ಲ. ಎದೆ ಸೀಳಿದರೆ ಈ ಮುದುಕರು ಉಳಿಯುವುದಿಲ್ಲ, ತೊಡೆಸಂದಿಯ ರಕ್ತನಾಳದಲ್ಲಿ ಕೊಳವೆ ತೂರಿಸಿ, ಹೃದಯದ ಹಾಳಾದ ಕವಾಟದ ಜಾಗಕ್ಕೆ ಹೊಸದನ್ನು ಕೂಡಿಸುತ್ತೇವೆ, ಅದೂ ಪುಕ್ಕಟೆ ಎಂದರು ಡಾಕ್ಟರರು. ಯಾಕೆ ಪುಕ್ಕಟೆ? ಪರದೇಶದ ಕಂಪನಿಗೆ ತನ್ನ ಹೊಸ ಮಾಲನ್ನು ಯಾರದಾದರೂ ಮೈಯಲ್ಲಿ ಹಾಕಿ ನೋಡಬೇಕಿತ್ತು. ಸಾಹುಕಾರರ ಮೈ ಸಿಗಲಿಲ್ಲ. ನಿನ್ನಂಥ ನೇಕಾರನದೂ ನನ್ನಂಥ ಮಾಸ್ತರನದೂ ಸಿಕ್ಕಿತು. ಎಂಬತ್ತರ ರೈತ ಬಂಡಾಯದಲ್ಲಿ ಲಾಠಿಯೇಟು ತಿಂದ ಮೈ ಇದು, ಯಾರು ಯಾಕೆ ಮುಟ್ಟುತ್ತಾರೆಂದು ಅದಕ್ಕೆ ತಿಳಿಯುತ್ತದೆ.

ಬಿಡುಗಡೆಯ ದಿನ ನಮ್ಮಿಬ್ಬರಿಗೂ ಕೊಟ್ಟ ಇಂಗ್ಲಿಷ್ ಕಾಗದ ಒಂದೇ. ‘ಮಾಸ್ತರ, ನೀವು ಓದಿ ತಿಳಸ್ರಿ’ ಎಂದು ವಾರ್ಡಿನ ಎಲ್ಲರ ಮುಂದೆ ನನ್ನ ಕೈ ಹಿಡಿದಿದ್ದೆಯಲ್ಲ, ಓದಿದೆ. ನಾಲ್ಕು ಪುಟ. ರಕ್ತ ತೆಳುವಾಗಿಡುವ ಗುಳಿಗೆ ತಪ್ಪಿಸಬಾರದು, ಉಪ್ಪು ಕಡಿಮೆ ಮಾಡಬೇಕು, ಭಾರ ಎತ್ತಬಾರದು. ಉಳಿದದ್ದು ಕಂಪನಿಯವರು ತಮ್ಮ ಕುಂಡೆ ಕಾಯ್ದುಕೊಳ್ಳಲು ಬರೆದ ಕಾಯದೆ. ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಡು.

ನಿನ್ನ
ಅಜ್ಜಪ್ಪ


ಗಜೇಂದ್ರಗಡ
2 ಏಪ್ರಿಲ್ 2009

ಅಜ್ಜಪ್ಪ ಮಾಸ್ತರರಿಗೆ ಎಂಟನೇ ಹಾಸಿಗಿ ಜಂಗ್ಲಿಸಾಬನ ಸಲಾಮ.

ನಿಮ್ಮ ಕಾಗದ ಬಂತು. ಹೆಂಡತಿ ಖಾತುನಬಿಗೆ ಓದಿ ಹೇಳಿದೆ. ‘ಈ ಮಾಸ್ತರರು ಕಾಗದದಾಗೂ ಒದರತಾರಲ್ರಿ’ ಅಂದಳು. ನಾನೂ ನಕ್ಕೆ. ನಕ್ಕರೆ ಈಗ ಎದೆ ಹಿಡಿಯುವುದಿಲ್ಲ.

ಮಗ್ಗಕ್ಕೆ ಕೂತು ಎಂಟು ದಿನವಾಯಿತು. ನಮ್ಮದು ಕುಣಿಮಗ್ಗ, ನಿಮಗೆ ಹೇಳಿದ್ದೆ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕುಣಿಯ ಅಂಚಿನ ಮೇಲೆ ಕೂತು, ಕೆಳಗೆ ತುಳಿಯುತ್ತ ನೇಯಬೇಕು. ದೊಡ್ಡ ಮಗ ಶಾಹೀದ ಬೇಡವೆಂದ. ‘ಅಬ್ಬಾ, ನೀ ಕುಂತ ಉಣ್ಣ, ನಾನೂ ತಮ್ಮ ಮುನಾವರನೂ ಅದೇವಲ್ಲ’ ಎಂದ. ಕೂತು ಉಣ್ಣುವುದಕ್ಕೆ ಹೊಸ ಕವಾಟ ಯಾಕೆ ಬೇಕು ಮಾಸ್ತರ? ಹಳೆಯದೇ ಸಾಕಿತ್ತು.

ಶಾಹೀದನ ಹತ್ತಿರ ಮೊಬೈಲ್ ಇದೆ. ಆದರೆ ಅದರಲ್ಲಿ ಮಾತಾಡಿದರೆ ಸೊಸೆಯಂದಿರು, ಮೊಮ್ಮಕ್ಕಳು, ಎದುರುಮನೆಯವರು ಎಲ್ಲ ಕೇಳುತ್ತಾರೆ. ನಿಮ್ಮ ಸಂಗಡ ಕಾಗದವೇ ಚಲೋ.

ಆ ಇಂಗ್ಲಿಷ್ ಕಾಗದವನ್ನು ನೀವು ಹೇಳಿದ ಹಾಗೆ ಪೆಟ್ಟಿಗೆಯಲ್ಲಿ, ನಮ್ಮ ನಿಕಾಹದ ಕಾಗದದ ಸಂಗಡ ಇಟ್ಟಿದ್ದೇನೆ.

ಜಂಗ್ಲಿಸಾಬ


ಗಜೇಂದ್ರಗಡ
9 ಆಗಸ್ಟ್ 2009

ಮಾಸ್ತರರಿಗೆ ಸಲಾಮ.

ನಾಲ್ಕು ತಿಂಗಳು ಬರೆಯಲಿಲ್ಲ, ಬೈಯಬೇಡಿ. ಈಗ ಬರೆಯುವುದೂ ನಾಚಿಕೆಯ ಸುದ್ದಿ. ಬಲತೊಡೆಯ ಸಂದಿಯಲ್ಲಿ ಕುರು ಎದ್ದಿದೆ. ಮೊದಲು ಹುಣಸೆಬೀಜದಷ್ಟಿತ್ತು, ಈಗ ನಿಂಬೆಹಣ್ಣು. ಮಗ್ಗದ ಕುಣಿಯ ಅಂಚು ತಿಕ್ಕಿ ತಿಕ್ಕಿ ಹೀಗಾಗಿದೆ ಎಂದುಕೊಂಡೆ. ಸುಣ್ಣ ಬೆಲ್ಲ ಕಲಸಿ ಹಚ್ಚಿದೆ. ಒಡೆಯಲೊಲ್ಲದು. ಆದರೆ ಮಿಡಿಯುತ್ತದೆ. ಕೈ ಇಟ್ಟರೆ ಒಳಗೆ ಮಗ್ಗದ ಲಾಳಿ ಆ ಕಡೆ ಈ ಕಡೆ ಹೋದ ಹಾಗೆ.

ರಾಜೂರಿನ ಅಡಿವೆವ್ವ ನಿಮಗೆ ಗೊತ್ತಿಲ್ಲ. ಎಂಬತ್ತು ದಾಟಿದ ಮುದುಕಿ. ನಮ್ಮ ಸುತ್ತಿನ ಹತ್ತು ಹಳ್ಳಿಯ ಕುರುಗಳನ್ನು ಜಾಲಿಮುಳ್ಳಿನಿಂದ ಒಡೆದ ಕೈ ಅದು. ಆಕೆಯ ಹತ್ತಿರ ಹೋದೆ. ‘ಬಾ ನನ್ನ ಸರದಾರ, ಆ ಧೋತರಾ ಸರಸು. ನಿನ್ನಂಥಾವು ನೂರ ನೋಡೇನಿ, ನೀ ಏನ ಹೊಸಾದು ತಂದಿಲ್ಲ’ ಅಂದಳು. ನನ್ನ ಮಾನ ಅಲ್ಲೇ ಹೋಯಿತು.

ಒಂದು ಕೈ ಕುರುವಿನ ಮೇಲೆ ಇಟ್ಟಳು. ಇನ್ನೊಂದು ಕೈಯಲ್ಲಿ ನನ್ನ ಮುಂಗೈ ಹಿಡಿದಳು. ಭಾಳ ಹೊತ್ತು ಕಣ್ಣು ಮುಚ್ಚಿ ಕೂತಳು. ಆಮೇಲೆ ಮುಳ್ಳನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿಬಿಟ್ಟಳು. ‘ಸಾಬಣ್ಣಾ, ಹಣ್ಣಾದ ಕುರು ತನ್ನ ಪಾಡಿಗೆ ತಾನು ಟಸ್ ಟಸ್ ಅಂತೈತಿ. ಇದು ನಿನ್ನ ನಾಡಿ ಕೂಡ ಹೆಜ್ಜಿ ಹಾಕಾಕ ಹತ್ತೇತಿ. ಇದು ನನ್ನ ಕೈಯಾಂದಲ್ಲ. ನಾ ಮುಟ್ಟಂಗಿಲ್ಲ, ಯಾರನ್ನೂ ಮುಟ್ಟಾಕ ಬಿಡಬ್ಯಾಡ’ ಅಂದಳು.

ಬೆಂಗಳೂರಿನವರು ಕೊಳವೆ ತೂರಿಸಿದ್ದೂ ಅದೇ ಸಂದಿಯಲ್ಲಿ. ಆ ಕಾಗದದಲ್ಲಿ ಇದರ ಸುದ್ದಿ ಏನಾದರೂ ಇದೆಯೇ, ಇನ್ನೊಮ್ಮೆ ನೋಡಿ ತಿಳಿಸಿರಿ. ಮನೆಯಲ್ಲಿ ಖಾತುನಬಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಸೊಸೆಯಂದಿರ ಮುಂದೆ ತೊಡೆಸಂದಿಯ ಮಾತು ಹ್ಯಾಂಗ ಆಡಲಿ?

ಜಂಗ್ಲಿಸಾಬ


ನರಗುಂದ
14 ಆಗಸ್ಟ್ 2009

ಗೆಳೆಯಾ,

ಅಡಿವೆವ್ವನ ಪುರಾಣ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಾಳೆ ಸ್ವಾತಂತ್ರ್ಯಕ್ಕೆ ಅರವತ್ತೆರಡು ವರ್ಷ. ಇನ್ನೂ ಮುಳ್ಳಿನ ಡಬ್ಬಿ ಹಿಡಿದ ಮುದುಕಿ ಕಣ್ಣು ಮುಚ್ಚಿ ಏನೋ ಅಂದರೆ ನಾವು ನಡುಗಬೇಕೆ? ನಮ್ಮ ಜನ ಹಾಳಾದದ್ದೇ ಇಂಥ ಹೆದರಿಕೆಯಿಂದ. ರೈತ ಸಂಘಟನೆಯಲ್ಲಿ ಇಪ್ಪತ್ತೈದು ವರ್ಷ ಇದನ್ನೇ ಹೇಳುತ್ತ ತಿರುಗಿದೆ. ನೀನು ಬುದ್ಧಿವಂತ ಎಂದುಕೊಂಡಿದ್ದೆ.

ಕುರು ಮಿಡಿದರೆ ಹಣ್ಣಾಯಿತು. ಹಣ್ಣಾದರೆ ಒಡೆಸಬೇಕು. ಇದಕ್ಕೆ ಶಾಸ್ತ್ರ ಬೇಡ, ನಮ್ಮವ್ವನಿಗೂ ಗೊತ್ತಿತ್ತು. ಮುಳ್ಳಿನಿಂದ ಬೇಡ. ನಿಮ್ಮ ಬಜಾರಿನಲ್ಲಿ ಯಾರಾದರೂ ಕಂಪೌಂಡರ ಇರುತ್ತಾನೆ, ಹೊಸ ಬ್ಲೇಡಿನಿಂದ ಸ್ವಚ್ಛವಾಗಿ ಕೊಯ್ದು ಕೀವು ತೆಗೆಯಲಿ. ಎರಡು ದಿನಕ್ಕೆ ಒಣಗುತ್ತದೆ.

ಕಾಗದವನ್ನು ಮತ್ತೆ ತೆಗೆದು ನೋಡಿದೆ. ಬಾವಿನ ಸುದ್ದಿಯೇ ಅದರಲ್ಲಿಲ್ಲ. ಧೈರ್ಯವಾಗಿರು.

ಅಜ್ಜಪ್ಪ


ನರಗುಂದ
5 ಸೆಪ್ಟೆಂಬರ್ 2009

ಜಂಗ್ಲಿಸಾಬ,

ಮೂರು ವಾರವಾಯಿತು. ಕುರು ಒಡೆಯಿತೋ, ನಮ್ಮ ಗೆಳೆತನ ಒಡೆಯಿತೋ? ಮುದುಕಿಯನ್ನು ಬೈದೆನೆಂದು ಸಿಟ್ಟು ಬಂದಿದ್ದರೆ ಅದನ್ನಾದರೂ ಎರಡು ಸಾಲು ಬರೆ. ಇಂದು ಶಿಕ್ಷಕರ ದಿನವೆಂದು ಸಾಲೆಯ ಮಕ್ಕಳು ಬಂದು ನನ್ನ ಕೊರಳಿಗೆ ಹಾರ ಹಾಕಿ ಹೋದರು. ಈ ಹಾರ ಹಾಕಿಕೊಂಡು ಯಾರ ಮುಂದೆ ಮೆರೆಯಲಿ? ನೀನಿದ್ದಿದ್ದರೆ ‘ಎತ್ತಿಗೆ ಕೊಂಬಣಸು ಹಾಕಿದಾಂಗ ಆಗೈತ್ರಿ ಮಾಸ್ತರ’ ಅನ್ನುತ್ತಿದ್ದೆ.

ಲಗೂ ಬರೆ.

ಅಜ್ಜಪ್ಪ


ಗಜೇಂದ್ರಗಡ
25 ಸೆಪ್ಟೆಂಬರ್ 2009

ಮಾಸ್ತರರಿಗೆ ಖಾತುನಬಿ ಬರದದ್ದು.

ನಾ ಸಾಲಿಗೆ ಹೋದಾಕಿ ಅಲ್ಲ. ಸಾಕ್ಷರತಾ ವರ್ಗದಾಗ ಕಲತಾಕಿ. ತಪ್ಪಿದ್ರ ತಿದ್ದಿಕೊಂಡ ಓದ್ರಿ.

ನಮ್ಮ ಯಜಮಾನರು ಇಲ್ಲ. ಆಗಸ್ಟ್ ಇಪ್ಪತ್ತು, ಗುರುವಾರ, ಮಧ್ಯಾಹ್ನ ಹೋದರು. ಎರಡ ಮೂರ ದಿನದಾಗ ರೋಜಾ ಸುರು ಆಗೂದಿತ್ತು. ‘ರೋಜಾ ಹಿಡಿಯೂ ಮೊದಲ ಇದನ್ನ ಮುಗಿಸಿಬಿಡೂಣು’ ಅಂದ್ರು. ನಿಮ್ಮ ಕಾಗದಾ ನನ್ನ ಮುಂದ ಓದಿದ್ರು. ‘ನೋಡ, ಮಾಸ್ತರು ಹೇಳ್ಯಾರ, ಆ ಕಾಗದದಾಗೂ ಏನಿಲ್ಲಂತ. ನೀನೂ ಅಡಿವೆವ್ವನೂ ಸುಳ್ಳ ಹೆದರಸ್ತೀರಿ’ ಅಂತ ನಕ್ಕರು.

ಕಂಪೌಂಡರ ಮನಿಗೇ ಬಂದ. ಮಗ್ಗದ ಖೋಲಿಯಾಗ ಮಲಗಿಸಿದ. ಬಲ್ಬಿನ ಬೆಳಕಿಗೆ ಹಿಡದು, ಹೊಸ ಬ್ಲೇಡಿನ ಕಾಗದದ ಪುಡಕಿ ನಮ್ಮ ಮುಂದನ ಹರದ. ನಾ ಬಾಗಲದಾಗ ತಾಟ ಹಿಡಕೊಂಡ ನಿಂತಿದ್ದೆ, ಕೀವು ಹಿಡಿಯಾಕ. ಕೀವು ಬರಲಿಲ್ಲ. ರಕ್ತ ಬಂತು. ಹರದ ಬರಲಿಲ್ಲ ಮಾಸ್ತರ, ಹಾರಿ ಬಂತು. ಒಮ್ಮಿ ಹಾರೂದು, ತಡಿಯೂದು, ಮತ್ತ ಹಾರೂದು. ಕಂಪೌಂಡರ ಅರಿವಿ ಒತ್ತಿದ, ನಾ ಸೆರಗ ಒತ್ತಿದೆ, ಶಾಹೀದ ಮೊಣಕಾಲ ಹಚ್ಚಿ ಒತ್ತಿದ. ಅವರು ಅತ್ತಿತ್ತ ನೋಡಿದ್ರು. ‘ಖಾತುನಾ, ಮಗ್ಗದ ಹಾಸು ಕೆಡತೈತಿ, ನನ್ನ ಆ ಕಡೆ ಸರಸ’ ಅಂದ್ರು. ಮಗ್ಗದಾಗ ಅರ್ಧಾ ನೇದ ಸೀರಿ ಇತ್ತು. ಅದ ಕಡೀ ಮಾತು. ಟಂಟಂ ಗಾಡ್ಯಾಗ ಹಾಕ್ಕೊಂಡು ರೋಣಕ್ಕ ಮುಟ್ಟೂದ್ರಾಗ ಮೈ ತಣ್ಣಗಾಗಿತ್ತು.

ಆ ಸೀರಿ ಇನ್ನೂ ಮಗ್ಗದಾಗ ಐತಿ. ಕತ್ತರಿಸಾಕ ಯಾರಿಗೂ ಕೈ ಬರವಲ್ದು. ಖೋಲಿಗೆ ಚಿಲಕಾ ಹಾಕೇವಿ. ಹಾಡಹಗಲ ಒಳಗ ಯಾರೋ ತುಳದಾಂಗ ಕೇಳಸ್ತೈತಿ. ಸೊಸಿ ನಿಲೋಫರ ಇಲಿ ಅಂತಾಳ. ಇಲಿ ಮಗ್ಗಾ ತುಳಿಯೂದಿಲ್ಲ.

ನಿಮ್ಮ ಸೆಪ್ಟೆಂಬರ್ ಕಾಗದಾ ಬಂತು. ಸತ್ತವರಿಗೆ ಲಗೂ ಬರೆ ಅಂತ ಬರದೀರಿ. ಎರಡ ದಿನ ಕೈಯಾಗ ಹಿಡಕೊಂಡ ಕುಂತಿದ್ದೆ. ನಾ ಗಂಡ ಸತ್ತವರ ಇದ್ದತ್ತಿನ್ಯಾಗ ಅದೀನಿ. ನಾಕ ತಿಂಗಳ ಹತ್ತ ದಿನ ಹೊಸ್ತಿಲಾ ದಾಟಂಗಿಲ್ಲ.

ಖಾತುನಬಿ


ನರಗುಂದ
29 ಸೆಪ್ಟೆಂಬರ್ 2009

ತಂಗಿ ಖಾತುನಬಿ,

ನಿಮ್ಮ ಪತ್ರ ಓದಿದೆ. ಅಳುತ್ತ ಕೂಡುವ ಜಾತಿಯವನಲ್ಲ ನಾನು. ಇದು ಸಾವಲ್ಲ, ಕೊಲೆ. ಬಡವರ ಮೈಯನ್ನು ಪ್ರಯೋಗದ ಹೊಲ ಮಾಡಿಕೊಂಡ ಆ ಕಂಪನಿ ಕೊಂದದ್ದು. ತೊಡೆಯಲ್ಲಿ ತೂತು ಕೊರೆದು, ಬೆನ್ನು ತಟ್ಟಿ ಬಸ್ಸು ಹತ್ತಿಸಿದ ದೊಡ್ಡ ಡಾಕ್ಟರರು ಕೊಂದದ್ದು. ಓದು ಬರಹವಿಲ್ಲದ ಆ ಕಂಪೌಂಡರನ ದುರಾಸೆ ಕೊಂದದ್ದು. ಒಬ್ಬೊಬ್ಬರನ್ನೂ ಬೀದಿಗೆ ಎಳೆಯುತ್ತೇನೆ. ಪತ್ರಿಕೆಗಳಿಗೆ ಬರೆಯುತ್ತೇನೆ. ರೋಣದಲ್ಲಿ ಧರಣಿ ಕೂಡೋಣ, ಶಾಹೀದ, ಮುನಾವರ ಮುಂದೆ ಕೂಡಲಿ, ನಮ್ಮ ಹಳೆಯ ಸಂಗಾತಿಗಳನ್ನು ನಾನು ಕರೆತರುತ್ತೇನೆ. ಜಂಗ್ಲಿಸಾಬನ ಹೆಸರಿನಲ್ಲಿ ಘೋಷಣೆ ಕೂಗಿದರೆ ಬೆಂಗಳೂರಿನ ತನಕ ಕೇಳಬೇಕು.

ನೀವು ಒಪ್ಪಿಗೆಯ ಎರಡು ಸಾಲು ಬರೆದರೆ ಸಾಕು.

ಅಜ್ಜಪ್ಪ


ಗಜೇಂದ್ರಗಡ
8 ಅಕ್ಟೋಬರ್ 2009

ಮಾಸ್ತರರಿಗೆ ಖಾತುನಬಿ ಬರದದ್ದು.

ಧರಣಿ ಬ್ಯಾಡ. ಅವರ ಹೆಸರ ಯಾರೂ ಒದರೂದು ಬ್ಯಾಡ.

ನನಗ ಬ್ಯಾರೇ ಒಂದ ಬೇಕಾಗೇತಿ. ಪೆಟ್ಟಿಗ್ಯಾಗಿನ ಆ ಇಂಗ್ಲಿಷ್ ಕಾಗದಾ ಹೊರಗ ತಗದೀವಿ. ಅದರಾಗ ಏನ ಬರದೈತಿ ಅಂತ ಶಾಹೀದ ಕೇಳತಾನ. ‘ಮಾಸ್ತರು ಓದ್ಯಾರ, ಅವರನ್ನ ಕೇಳೂಣು’ ಅಂದೆ. ನಾಕೂ ಪುಟಾ ಕನ್ನಡದಾಗ ಬರದ ಕಳಸ್ರಿ. ಒಂದ ಸಾಲೂ ಬಿಡಬ್ಯಾಡ್ರಿ.

ಅಡಿವೆವ್ವ ಮಣ್ಣಿನ ದಿನ ಬಂದಿದ್ದಳು. ಗ್ವಾಡಿಗೆ ತಲಿ ಬಡಕೊಂಡಳು. ‘ಯವ್ವಾ, ನಾ ಬ್ಯಾಡ ಅಂದೆ, ಗಟ್ಟಿ ಅನಲಿಲ್ಲ. ಕಾಲ ಮುರದ ಕೂಡಸಬೇಕಿತ್ತು ಅವನ್ನ’ ಅಂತಾಳ. ಆವಾಗಿಂದ ಒಂದ ಹೊತ್ತ ಉಂಡ್ರ ಒಂದ ಹೊತ್ತಿಲ್ಲಂತ.

ಖಾತುನಬಿ


ನರಗುಂದ
16 ಅಕ್ಟೋಬರ್ 2009

ತಂಗಿ ಖಾತುನಬಿ,

ನಾಲ್ಕು ಪುಟವನ್ನೂ ಕನ್ನಡದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಅದು ನನ್ನ ಕನ್ನಡವಲ್ಲ. ಹೇಳಿದವರು ಬೇರೆ, ನಾನು ಬರೆದುಕೊಂಡವನು ಮಾತ್ರ. ಅದು ಹೇಗೆಂದು ಹೇಳದೆ ಈ ಕಾಗದ ಕಳಿಸಿದರೆ ನಾನು ಮನುಷ್ಯನೇ ಅಲ್ಲ.

ಮಲಪ್ರಭೆ ಉಕ್ಕಿ ಹೊಳೆಮಣ್ಣೂರು ಮುಳುಗಿದ ಸುದ್ದಿ ನಿಮಗೂ ಬಂದಿರಬೇಕು. ಊರು ಬಿಟ್ಟು ಬಂದವರಿಗೆ ರೊಟ್ಟಿ ಹಂಚಲೆಂದು ರೋಣದ ಗಂಜಿಕೇಂದ್ರಕ್ಕೆ ಹೋಗಿದ್ದೆ. ಜೋಳದ ಚೀಲಕ್ಕೆ ಹೆಗಲು ಕೊಟ್ಟು ಏಳುವಾಗ ತೊಡೆ ಹಿಡಿದು ಕೂತುಬಿಟ್ಟೆ. ಅಲ್ಲಿದ್ದ ಡಾಕ್ಟರು ರಾಜೇಶ್ವರಿ ಎಂಬ ಹುಡುಗಿ. ನೋಡಬೇಕೆಂದಳು. ನಾನು ಒಲ್ಲೆ ಅಂದೆ. ‘ಅಜ್ಜಾ, ನಿನ್ನ ನಾಚಿಕಿ ನಾ ಮನಿಗೆ ಒಯ್ಯಂಗಿಲ್ಲ, ತೋರಸು’ ಅಂದಳು.

ನನ್ನ ತೊಡೆಸಂದಿಯಲ್ಲಿಯೂ ಬಾವು ಬಂದು ಆಗಲೇ ತಿಂಗಳಾಗಿತ್ತು. ನಿಮಗೆ ಕೊಲೆ ಕೊಲೆ ಎಂದು ಬರೆದ ದಿನವೂ ಅದು ಮಿಡಿಯುತ್ತಲೇ ಇತ್ತು. ಮುಚ್ಚಿಟ್ಟೆ.

ಆಕೆ ಎದೆ ಪರೀಕ್ಷಿಸುವ ಕೊಳವೆಯನ್ನು ಬಾವಿನ ಮೇಲಿಟ್ಟು ಕೇಳಿದಳು. ‘ಇದು ಕುರು ಅಲ್ಲ. ಕೊಳವಿ ಹಾಕಿದ ರಕ್ತನಾಳದ ತೂತು ಪೂರಾ ಮುಚ್ಚಿಲ್ಲ. ರಕ್ತ ಹೊರಗ ಬಂದು ಚೀಲ ಕಟ್ಟೇತಿ. ಬ್ಲೇಡ ತಾಗಿದ್ರ ನೀ ಉಳಿತಿದ್ದಿಲ್ಲ. ಬಿಡುಗಡಿ ಕಾಗದ ಎಲ್ಲಿ?’ ಎಂದಳು. ಅದು ನನ್ನ ಚೀಲದಲ್ಲೇ ಇತ್ತು. ನಿಂತಲ್ಲಿಯೇ ಓದಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿ ನನ್ನಿಂದ ಬರೆಸಿದಳು. ಎರಡನೆಯ ಪುಟದ ನಡುವೆ ಬೆರಳಿಟ್ಟಳು.

‘ಕೊಳವೆ ತೂರಿಸಿದ ಜಾಗದಲ್ಲಿ ತಿಂಗಳುಗಳ ನಂತರವೂ ಬಾವು ಬರಬಹುದು. ಅದು ನಾಡಿಯ ಜೊತೆ ಮಿಡಿಯುತ್ತಿದ್ದರೆ ಒತ್ತಬೇಡಿ, ಕೊಯ್ಯಿಸಬೇಡಿ. ಕೂಡಲೇ ನಮ್ಮಲ್ಲಿಗೆ ಬನ್ನಿ.’

ಅಡಿವೆವ್ವ ಹೇಳಿದ್ದು ಇದನ್ನೇ.

ತಂಗಿ, ನಾನು ಕನ್ನಡ ಸಾಲೆಯ ಮಾಸ್ತರ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ತಿಳಿಯುವುದಿಲ್ಲ. ವಾರ್ಡಿನಲ್ಲಿ ನಿಮ್ಮ ಯಜಮಾನರು ಕೈ ಹಿಡಿದು ಕೇಳಿದಾಗ ಹನ್ನೆರಡು ಜನ ನೋಡುತ್ತಿದ್ದರು. ನನಗೆ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಗುಳಿಗೆ, ಉಪ್ಪು, ಭಾರ ಎಂದು ಬರೆದದ್ದು ನರ್ಸ್ ಬಾಯಿಮಾತಿನಲ್ಲಿ ಹೇಳಿದ್ದು. ಕಾಗದವನ್ನು ನಾನು ಓದಿರಲಿಲ್ಲ. ಆಗಸ್ಟಿನಲ್ಲಿ ‘ಮತ್ತೆ ತೆಗೆದು ನೋಡಿದೆ’ ಎಂದು ಬರೆದೆನಲ್ಲ, ನೋಡಿದ್ದು ಖರೇ. ಹೊಲ ಕಾಯುವ ಬೆದರುಗೊಂಬೆ ಬೆಳೆ ನೋಡಿದ ಹಾಗೆ ನೋಡಿದೆ. ನರಗುಂದದಲ್ಲಿ ಕಾಲೇಜಿದೆ, ಔಷಧದ ಅಂಗಡಿಗಳಿವೆ. ಯಾರ ಮುಂದೆ ಹಿಡಿದಿದ್ದರೂ ಎರಡು ನಿಮಿಷದ ಕೆಲಸ. ಮಾಸ್ತರನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಊರಿಗೆ ತಿಳಿಯುತ್ತದಲ್ಲ!

ಕಂಪನಿಯನ್ನು ಬೈದೆ, ಡಾಕ್ಟರರನ್ನು ಬೈದೆ. ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಂಡ ಅವರ ಪಾಲು ಅವರಿಗೆ ಇದ್ದೇ ಇದೆ, ಅದನ್ನು ಬಿಡುವುದಿಲ್ಲ. ಆದರೆ ಬ್ಲೇಡು ಹಿಡಿಸಿದವನು ನಾನು. ಬೇಡ ಎಂದ ಕೈಯನ್ನು ತಳ್ಳಿದವನು ನಾನು.

ಹುಬ್ಬಳ್ಳಿಗೋ ಬೆಂಗಳೂರಿಗೋ ಇವತ್ತೇ ಹೋಗು ಎಂದು ಆ ಹುಡುಗಿ ಚೀಟಿ ಬರೆದುಕೊಟ್ಟಿದ್ದಾಳೆ. ನಾನು ಹೋಗುವುದಿಲ್ಲ. ನಿಮ್ಮ ಯಜಮಾನರು ಈಗ ನನ್ನ ತೊಡೆಯೊಳಗೆ ಕುಣಿ ತೋಡಿಕೊಂಡು ಕೂತಿದ್ದಾರೆ. ಪತ್ರಿಕೆ ಓದುವಾಗ, ಉಣ್ಣುವಾಗ, ಓಣಿಯವರ ಜೊತೆ ಮಾತಾಡುವಾಗ, ಒಂದೇ ಸಮನೆ ತುಳಿಯುತ್ತಾರೆ. ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತರೆ ಧೋತರ ಅಲುಗುವುದು ಕಣ್ಣಿಗೇ ಕಾಣುತ್ತದೆ. ತಾನಾಗಿ ಒಡೆಯುವ ದಿನ ಒಡೆಯಲಿ. ನನಗೆ ಅದೇ ಸರಿ.

ಅಜ್ಜಪ್ಪ


ಗಜೇಂದ್ರಗಡ
21 ಅಕ್ಟೋಬರ್ 2009

ಮಾಸ್ತರ,

ನಿಮ್ಮ ಕಾಗದಾ ನಾ ಒಬ್ಬಾಕಿನ ಓದೀನಿ. ಶಾಹೀದಗ ಆ ನಾಕ ಪುಟಾ ಅಷ್ಟ ಕೊಟ್ಟೀನಿ. ಅಂವಾ ಎರಡನೇ ಪುಟಾ ಓದಿ ಹಿತ್ತಲಕ್ಕ ಹೋಗಿ ಕುಂತಾನ. ‘ಅಮ್ಮಾ, ಇದು ಬರದಿತ್ತು. ನಮ್ಮ ಮನ್ಯಾಗ, ಪೆಟ್ಟಿಗ್ಯಾಗ ಇತ್ತು. ಮತ್ತ ಮಾಸ್ತರು ಯಾಕ ಇಲ್ಲ ಅಂದ್ರು?’ ಅಂತಾನ.

ನೀವು ಸಾಯತೀನಿ ಅಂತ ಬರದೀರಿ. ಎಷ್ಟ ಸಸಾರ, ಎಷ್ಟ ಹಗೂರ ಐತಿ ನಿಮಗ! ನೀವು ಹೋದ್ರ ಈ ಮಾತ ಗೊತ್ತಿದ್ದಾಕಿ ನಾ ಒಬ್ಬಾಕಿನ ಉಳೀತೀನಿ. ನನ್ನ ಮಕ್ಕಳಿಗೆ ನಾನ ಹೇಳಬೇಕು. ಹೇಳದಿದ್ರ ಎದ್ಯಾಗ ಇಟಗೊಂಡ ನಾನ ಸಾಯಬೇಕು. ಗಂಡನ್ನ ಕಳಕೊಂಡಾಕಿ ನಾ. ನಿಮ್ಮ ಗಂಟನೂ ನಾನ ಹೊರಬೇಕೇನು?

ಯಜಮಾನರು ನಿಮ್ಮ ತೊಡ್ಯಾಗ ಇಲ್ಲ. ಅವರನ್ನ ನಾವು ಮಣ್ಣ ಮಾಡೀವಿ. ಅದು ನಿಮ್ಮ ರಕ್ತ, ನಿಮ್ಮ ಬ್ಯಾನಿ. ಹೋಗಿ ಹೊಲಿಸಿಗೋರಿ. ನಡಿಯಾಕ ಬಂದ ಮ್ಯಾಲೆ ಇಲ್ಲಿಗೆ ಬರ್ರಿ. ಬರೂಮುಂದ ರಾಜೂರಾಗ ಇಳದು ಅಡಿವೆವ್ವನ್ನ ಕರಕೊಂಡ ಬರ್ರಿ. ನನಗ ಬರದ್ದನ್ನ ಆಕಿ ಮುಂದ, ನನ್ನ ಮಕ್ಕಳ ಮುಂದ ಹೇಳ್ರಿ. ಕಾಗದದಾಗ ಅಲ್ಲ, ಬಾಯಿಲೆ. ನಾ ಪರದೆ ಹಿಂದ ಕುಂತ ಕೇಳತೀನಿ.

ಮಾಫ ಮಾಡಂತ ನೀವು ಬರದಿಲ್ಲ. ಅದೊಂದ ಚಲೋ ಮಾಡೀರಿ. ನನ್ನ ಕಡೆ ಅದಿಲ್ಲ.

ಖಾತುನಬಿ


ಬೆಂಗಳೂರು
14 ನವೆಂಬರ್ 2009

ತಂಗಿ ಖಾತುನಬಿ,

ಹನ್ನೊಂದು ದಿನದ ಹಿಂದೆ ರಕ್ತನಾಳದ ತೂತು ಹೊಲಿದರು. ನಿನ್ನೆ ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದೆ. ನೋವಿದೆ, ಮಿಡಿತ ನಿಂತಿದೆ. ಎಷ್ಟು ನಿಶ್ಶಬ್ದವೆಂದರೆ ಎರಡು ದಿನ ನಿದ್ದೆ ಬರಲಿಲ್ಲ.

ದೊಡ್ಡ ಡಾಕ್ಟರರಿಗೆ ನಿಮ್ಮ ಯಜಮಾನರ ಸಾವಿನ ಸುದ್ದಿ ಹೇಳಿದೆ. ‘ಕಾಗದದಲ್ಲಿ ಬರೆದಿತ್ತಲ್ಲ’ ಅಂದರು. ಯಾರ ಭಾಷೆಯಲ್ಲಿ ಎಂದು ಕೇಳಿದೆ. ಅವರಿಗೆ ಹೊರಡುವ ಅವಸರವಿತ್ತು. ಕಂಪನಿಗೆ ಅರ್ಜಿ ಬರೆದಿದ್ದೇನೆ, ಈ ಸಲ ಘೋಷಣೆ ಇಲ್ಲದೆ, ತಾರೀಖು ಹಾಕಿ. ನನ್ನ ಹೆಸರನ್ನೂ ತಪ್ಪಿತಸ್ಥರ ಸಾಲಿನಲ್ಲಿ ಬರೆದಿದ್ದೇನೆ. ವಾರ್ಡಿನಲ್ಲಿ ಈಗ ಇಂಥದೇ ಕವಾಟದ ಮೂವರು ಇದ್ದಾರೆ. ಎರಡನೆಯ ಪುಟವನ್ನು ಮೂವರಿಗೂ ಕನ್ನಡದಲ್ಲಿ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಿಕೊಂಡೆ. ಅವರಲ್ಲಿ ಒಬ್ಬ ‘ಮಾಸ್ತರ, ನಿಮಗ ಇಂಗ್ಲಿಷ್ ಭಾಳ ಚಲೋ ಬರತೈತಿ’ ಎಂದ. ಬರುವುದಿಲ್ಲ ಎಂದೆ. ಎಪ್ಪತ್ತು ವರ್ಷಕ್ಕೆ ಮೊದಲ ಸಲ ಅಂದೆ.

ನವೆಂಬರ್ ಇಪ್ಪತ್ತು, ಶುಕ್ರವಾರ, ಬೆಳಿಗ್ಗೆ ರಾಜೂರಿನಲ್ಲಿ ಇಳಿಯುತ್ತೇನೆ. ಅಡಿವೆವ್ವ ಬಂದರೆ ಅವಳೊಡನೆ, ಬಾರದಿದ್ದರೆ ಅವಳ ಬಾಗಿಲಲ್ಲಿ ಹೇಳುವುದನ್ನು ಹೇಳಿ, ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ನಿಮ್ಮ ಮನೆ ಮುಟ್ಟುತ್ತೇನೆ. ಶಾಹೀದ, ಮುನಾವರ ಮನೆಯಲ್ಲೇ ಇರಲಿ. ಜಮಾತಿನ ಹಿರಿಯರನ್ನು ಕರೆಸುವುದಿದ್ದರೆ ಕರೆಸಿರಿ. ನಿಮ್ಮ ಮಕ್ಕಳು ಏನೇ ಮಾಡಲಿ, ನೀವು ಅಡ್ಡ ಬರಬೇಡಿ.

ನಾನು ಮಾತು ಮುಗಿಸುವ ತನಕ ಯಾರೂ ನನಗೆ ಕುರ್ಚಿ ಕೊಡುವುದು ಬೇಡ.

ಅಜ್ಜಪ್ಪ